ಫೈಲ್ ಬದಲಿಸಿದೆ, ಆದರೂ ಹಳೆಯದೇ ನಡೀತಿದೆ: ಕಂಪನಿ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳನ್ನು ಹದ್ದುಬಸ್ತಿನಲ್ಲಿಡುವ ಬಗೆ

ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. "ಸೆಟ್ಟಿಂಗ್ ಬದಲಿಸಿದೆ, ರೀಸ್ಟಾರ್ಟ್ ಕೂಡ ಮಾಡಿದೆ, ಆದರೂ ಹಳೆಯದೇ ನಡೀತಿದೆ, ಯಾಕೆ?" ಇನ್ನೊಂದು, "ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತೆ, ಸರ್ವರ್‌ಗೆ ಹಾಕಿದರೆ ಕೈಕೊಡುತ್ತೆ." ಎರಡಕ್ಕೂ ಕಾರಣ ಬಹಳ ಸಲ ಕಾನ್ಫಿಗ್‌ನಲ್ಲಿ ಸಿಗುತ್ತದೆ. ಆದರೆ ಜನ ಮೊದಲು ಹುಡುಕುವುದು ಕೋಡ್‌ನಲ್ಲಿ.

ಕಾನ್ಫಿಗ್ ಅಂದರೆ ಕೋಡ್ ಮುಟ್ಟದೆ ಹೊರಗಿನಿಂದ ಬದಲಿಸಬಹುದಾದ ವ್ಯಾಲ್ಯೂಗಳು. ಡೇಟಾಬೇಸ್ ಎಲ್ಲಿದೆ, ಪಾಸ್‌ವರ್ಡ್ ಏನು, ತೆರಿಗೆ ಎಷ್ಟು ಶೇಕಡಾ, ರಿಪೋರ್ಟ್ ಎಷ್ಟು ಗಂಟೆಗೆ ಹೋಗಬೇಕು, ಎಲ್ಲವೂ ಇದರಲ್ಲೇ ಬರುತ್ತವೆ. "ಬರೀ ಸೆಟ್ಟಿಂಗ್ ತಾನೇ" ಅಂತ ಇದನ್ನು ಹಗುರವಾಗಿ ನೋಡುವುದೇ ತೊಂದರೆಯ ಮೂಲ. ಕೋಡ್‌ನ ಒಂದು ಸಾಲು ಬದಲಿಸಲು ಇಬ್ಬರು ಪರಿಶೀಲಿಸುವ ಕಂಪನಿಗಳಲ್ಲೇ ಪ್ರೊಡಕ್ಷನ್, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸರ್ವರ್‌ನ, ಸೆಟ್ಟಿಂಗ್ ಅನ್ನು ಒಬ್ಬರೇ ಲಾಗಿನ್ ಆಗಿ ತಿದ್ದಿಬಿಡುತ್ತಾರೆ.

ಉದಾಹರಣೆಗೆ ಸ್ಪ್ರಿಂಗ್ ಬೂಟ್ ತೆಗೆದುಕೊಂಡಿದ್ದೇನೆ. ಜಾವಾ ಭಾಷೆಯಲ್ಲಿ ವ್ಯವಹಾರದ ಸಾಫ್ಟ್‌ವೇರ್ ಕಟ್ಟಲು ತುಂಬಾ ಬಳಕೆಯಲ್ಲಿರುವ ಚೌಕಟ್ಟು ಅದು. ನೀವು ಬೇರೆ ಏನಾದರೂ ಬಳಸುತ್ತಿದ್ದರೆ ಹೆಸರುಗಳು ಬೇರೆ ಇರುತ್ತವೆ, ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಇದೇ. ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಫೈಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಶುರು ಮಾಡುವ ಮೊದಲು ಏನೇನು ಬೇಕು

ಸರ್ವರ್‌ಗೆ ಕನಿಷ್ಠ ಓದುವ ಅನುಮತಿ. ಆ್ಯಪ್ ಶುರುವಾಗುವಾಗಿನ ಲಾಗ್, ಅಂದರೆ ಆ್ಯಪ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ. ಆ್ಯಪ್ ಅನ್ನು ಯಾವ ಕಮಾಂಡ್‌ನಿಂದ, ಯಾವ ಯೂಸರ್ ಹೆಸರಿನಲ್ಲಿ ಓಡಿಸುತ್ತಿದ್ದಾರೆ ಎಂಬ ಮಾಹಿತಿ. ಹಾಗೇ ಒಂದು ಗಿಟ್ ರೆಪೊಸಿಟರಿ, ಅಂದರೆ ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುವ ಜಾಗ. ಆಡಳಿತದ ಪೂರ್ತಿ ಅನುಮತಿ ಈಗಲೇ ಬೇಡ. ಮೊದಲ ಎರಡು ಹಂತಗಳಲ್ಲಿ ಏನನ್ನೂ ಬದಲಿಸುವುದಿಲ್ಲ.

ಹಂತ 1: ಪಟ್ಟಿ ಮಾಡಿ, ಮೂರು ಗುಂಪಾಗಿ ಒಡೆಯಿರಿ

ಆ್ಯಪ್ ಬಳಸುವ ಎಲ್ಲಾ ಸೆಟ್ಟಿಂಗ್‌ಗಳನ್ನು ಒಂದು ಶೀಟ್‌ಗೆ ತನ್ನಿ. ಫೈಲ್‌ನಲ್ಲಿರುವುದಷ್ಟೇ ಸಾಲದು. ಡೇಟಾಬೇಸ್‌ನ ಟೇಬಲ್‌ನಲ್ಲಿ, ಅಡ್ಮಿನ್ ಪರದೆಯಲ್ಲಿ, ಕೋಡ್ ಒಳಗೇ ಬರೆದಿಟ್ಟದ್ದು, ಎಲ್ಲವೂ ಬರಲಿ. ಆಮೇಲೆ ಪ್ರತಿಯೊಂದಕ್ಕೂ ಗುಂಪು ಹಾಕಿ.

ಮೊದಲನೆಯದು ಜಾಗಕ್ಕೆ ತಕ್ಕಂತೆ ಬದಲಾಗುವಂಥವು: ಡೇಟಾಬೇಸ್ ವಿಳಾಸ, ಪೋರ್ಟ್, ಫೈಲ್ ಇಡುವ ಫೋಲ್ಡರ್. ಎರಡನೆಯದು ಗುಟ್ಟಿನವು: ಪಾಸ್‌ವರ್ಡ್, ಎಪಿಐ ಕೀ (ಬೇರೆ ಸಾಫ್ಟ್‌ವೇರ್ ಸೇವೆಯನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ). ಮೂರನೆಯದು ವ್ಯವಹಾರದ ನಿಯಮ: ತೆರಿಗೆ ದರ, ರಿಯಾಯಿತಿ ಮಿತಿ, ಸಾಲದ ಅವಧಿ. ಈ ಮೂರನ್ನೂ ಒಂದೇ ಫೈಲ್‌ಗೆ ತುರುಕಿರುವುದೇ ಹೆಚ್ಚಿನ ಕಡೆ ಕಾಣುತ್ತದೆ. ಹಾಗಿದ್ದಾಗ ತೆರಿಗೆ ದರ ತಿದ್ದಬೇಕಾದ ಅಕೌಂಟ್ಸ್‌ನವರಿಗೆ ಡೇಟಾಬೇಸ್ ಪಾಸ್‌ವರ್ಡ್ ಕೂಡ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಇದನ್ನು ಬದಲಿಸುವ ಹಕ್ಕು ಯಾರದು? ಅಲ್ಲಿ "ಗೊತ್ತಿಲ್ಲ" ಎಂದು ಬರೆಯಬೇಕಾಗಿ ಬಂದ ಸಾಲುಗಳೇ ಮುಂದೆ ನಿಮಗೆ ಕಾಟ ಕೊಡುವಂಥವು.

ಹಂತ 2: ಈಗ ನಡೆಯುತ್ತಿರುವ ವ್ಯಾಲ್ಯೂ ಎಲ್ಲಿಂದ ಬಂತು ಎಂದು ಪತ್ತೆ ಮಾಡಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದೇ ಸೆಟ್ಟಿಂಗ್ ಅನ್ನು ಹಲವು ಕಡೆ ಬರೆಯಬಹುದು. ಹಾಗೆ ಬರೆದಾಗ ಯಾವುದು ಗೆಲ್ಲುತ್ತದೆ ಎಂಬುದಕ್ಕೆ ಖಚಿತವಾದ ಕ್ರಮ ಇದೆ. ಸ್ಪ್ರಿಂಗ್ ಬೂಟ್‌ನಲ್ಲಿ ಜಾರ್ ಫೈಲ್ ಒಳಗಿನ ಅಪ್ಲಿಕೇಶನ್ ಫೈಲ್‌ನ ಮಾತು ತುಂಬಾ ಕೆಳಗೆ. ಜಾರ್ ಅಂದರೆ ಕೋಡ್‌ನ ಕಟ್ಟು. ಅದರ ಮೇಲೆ ಪ್ರೊಫೈಲ್‌ಗೆ ಸೇರಿದ ಫೈಲ್. ಪ್ರೊಫೈಲ್ ಅಂದರೆ ಟೆಸ್ಟ್, ಪ್ರಾಡ್ (ಪ್ರೊಡಕ್ಷನ್) ಎಂದು ಗುರುತಿಸಲು ಇಟ್ಟ ಹೆಸರು. ಅದರ ಮೇಲೆ ಜಾರ್‌ನ ಹೊರಗೆ ಇಟ್ಟ ಫೈಲ್‌ಗಳು. ಅವುಗಳಿಗೂ ಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಆಪರೇಟಿಂಗ್ ಸಿಸ್ಟಂ ಆ್ಯಪ್‌ಗೆ ಕೊಡುವ ವ್ಯಾಲ್ಯೂ. ಅದಕ್ಕೂ ಮೇಲೆ ಜಾವಾಗೆ ಕೊಟ್ಟ ಸಿಸ್ಟಂ ಪ್ರಾಪರ್ಟಿ. ಕೊನೆಗೆ, ಆ್ಯಪ್ ಶುರು ಮಾಡುವಾಗ ಕಮಾಂಡ್‌ನಲ್ಲೇ ಬರೆದದ್ದು ಇವೆಲ್ಲವನ್ನೂ ಮೀರಿಸುತ್ತದೆ.

ಅಂದರೆ ನೀವು ಫೈಲ್ ಎಷ್ಟೇ ತಿದ್ದಿ, ಯಾರೋ ಹಿಂದೊಮ್ಮೆ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಅದೇ ಸೆಟ್ಟಿಂಗ್ ಬರೆದಿದ್ದರೆ ನಡೆಯುವುದು ಅವರದೇ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಲಾಗ್‌ನ ಆರಂಭದ ಸಾಲುಗಳನ್ನು ಓದಿ. ಯಾವ ಪ್ರೊಫೈಲ್ ಚಾಲೂ ಇದೆ ಎಂದು ಅಲ್ಲೇ ಬರೆದಿರುತ್ತದೆ. ಯಾವುದೂ ಇಲ್ಲದಿದ್ದರೆ "ಡೀಫಾಲ್ಟ್"ಗೆ ಇಳಿದಿದ್ದೇನೆ ಎಂದು ಅದೇ ಹೇಳುತ್ತದೆ. ಪ್ರಾಡ್ ಸರ್ವರ್‌ನಲ್ಲಿ ಡೀಫಾಲ್ಟ್ ಅಂತ ಕಂಡರೆ ಅರ್ಧ ಪತ್ತೆದಾರಿಕೆ ಮುಗಿದ ಹಾಗೆ. ಆಮೇಲೆ ಪ್ರೋಸೆಸ್‌ನ, ಅಂದರೆ ಸರ್ವರ್‌ನಲ್ಲಿ ಈಗ ಓಡುತ್ತಿರುವ ಆ್ಯಪ್‌ನ, ಪೂರ್ತಿ ಕಮಾಂಡ್ ನೋಡಿ. ನಂತರ ಅದಕ್ಕೆ ಸಿಕ್ಕಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಫೈಲ್ ಕೊನೆಗೆ.

ಇದೆಲ್ಲ ಕೈಯಲ್ಲಿ ಹುಡುಕುವ ಬದಲು ಆಕ್ಚುಯೇಟರ್ ಬಳಸಬಹುದು. ಓಡುತ್ತಿರುವ ಆ್ಯಪ್‌ನ ಒಳಗನ್ನು ತೋರಿಸುವ ಭಾಗ ಅದು. ಅದರ ಎನ್ವ್ ಪುಟ ಪ್ರತಿ ಸೆಟ್ಟಿಂಗ್ ಯಾವ ಮೂಲದಿಂದ ಬಂದಿದೆ ಎಂದು ತೋರಿಸುತ್ತದೆ. ಸ್ಪ್ರಿಂಗ್ ಬೂಟ್‌ನ 3ನೇ ಆವೃತ್ತಿಯಿಂದ ಈಚೆಗೆ ವ್ಯಾಲ್ಯೂಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಬರುತ್ತದೆ. ಗಾಬರಿ ಬೇಡ, ನಮಗೆ ಬೇಕಾದ ಮೂಲದ ಹೆಸರು ಆಗಲೂ ಕಾಣುತ್ತದೆ. ಒಂದು ಎಚ್ಚರಿಕೆ: ಈ ಪುಟ ಇಂಟರ್‌ನೆಟ್‌ಗೆ ಯಾವತ್ತೂ ತೆರೆದಿರಬಾರದು. ಹೀಪ್‌ಡಂಪ್ ಪುಟವಂತೂ ಮೆಮೊರಿಯನ್ನೇ ಫೈಲ್ ಮಾಡಿ ಕೊಡುತ್ತದೆ, ಪಾಸ್‌ವರ್ಡ್ ಸಮೇತ.

ಇಲ್ಲಿ ಜನ ಎಡವುವ ಜಾಗಗಳು:

- ಜಾರ್ ಪಕ್ಕದಲ್ಲೇ ಫೈಲ್ ಇಟ್ಟರೂ ಆ್ಯಪ್ ಅದನ್ನು ಓದುವುದಿಲ್ಲ. ಕಾರಣ, ಅದು ಹುಡುಕುವುದು ಜಾರ್ ಇರುವ ಫೋಲ್ಡರ್‌ನಲ್ಲಿ ಅಲ್ಲ, ತಾನು ಶುರುವಾದ ಫೋಲ್ಡರ್‌ನಲ್ಲಿ. ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿ ಮೂಲಕ ಸರ್ವಿಸ್ ಆಗಿ ಓಡಿಸಿದರೆ, ನೀವು ಬೇರೆ ಹೇಳದ ಹೊರತು ಆ ಫೋಲ್ಡರ್ ರೂಟ್, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರ್, ಆಗಿರುತ್ತದೆ. ಸರ್ವಿಸ್ ಫೈಲ್‌ನಲ್ಲಿ ವರ್ಕಿಂಗ್ ಡೈರೆಕ್ಟರಿ ಬರೆಯಿರಿ. ಕೈಯಲ್ಲಿ ಓಡಿಸಿದಾಗ ಸರಿ, ಸರ್ವಿಸ್ ಆಗಿ ಓಡಿಸಿದಾಗ ತಪ್ಪು ಎನ್ನುವ ದೂರಿಗೆ ಬಹಳ ಸಲ ಇದೇ ಕಾರಣ.
- ಒಂದೇ ಜಾಗದಲ್ಲಿ ಪ್ರಾಪರ್ಟೀಸ್ ಫೈಲ್ ಮತ್ತು ಯಾಮಲ್ ಫೈಲ್ ಎರಡೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ. ಯಾಮಲ್ ಅಂದರೆ ಸಾಲಿನ ಮುಂದೆ ಜಾಗ ಬಿಟ್ಟು ಬರೆಯುವ ಮಾದರಿ. ಎರಡನ್ನೂ ಇಟ್ಟುಕೊಳ್ಳಬೇಡಿ, ಯಾವುದಾದರೂ ಒಂದು ಸಾಕು.
- ಫೈಲ್‌ನ ದಾರಿ ತೋರಿಸಲು "ಸ್ಪ್ರಿಂಗ್.ಕಾನ್ಫಿಗ್.ಲೊಕೇಶನ್" ಕೊಟ್ಟರೆ ಮಾಮೂಲಿ ಜಾಗಗಳನ್ನು ಆ್ಯಪ್ ನೋಡುವುದನ್ನೇ ಬಿಡುತ್ತದೆ. ಅವುಗಳ ಜೊತೆಗೆ ಇನ್ನೊಂದು ಜಾಗ ಸೇರಿಸಬೇಕಿದ್ದರೆ "ಅಡಿಷನಲ್-ಲೊಕೇಶನ್" ಬಳಸಿ.
- ಹಲವು ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಿ ಕಾನ್ಫಿಗ್‌ಮ್ಯಾಪ್ (ಸೆಟ್ಟಿಂಗ್‌ಗಳ ಪಟ್ಟಿ) ಬದಲಿಸಿದರೂ, ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಓದುವ ಪಾಡ್‌ಗೆ, ಅಂದರೆ ಅಲ್ಲಿ ಓಡುತ್ತಿರುವ ಆ್ಯಪ್‌ನ ಪ್ರತಿಗೆ, ಹೊಸದು ತಲುಪುವುದಿಲ್ಲ. ಪಾಡ್ ಹೊಸದಾಗಿ ಏಳಬೇಕು.

ಹಂತ 3: ತಪ್ಪು ಸೆಟ್ಟಿಂಗ್ ಇದ್ದರೆ ಆ್ಯಪ್ ಏಳಲೇಬಾರದು

ಸೆಟ್ಟಿಂಗ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದೇ ತೊಂದರೆ. ಗುರುತು ಸಿಗದ ಹೆಸರನ್ನು ಸ್ಪ್ರಿಂಗ್ ಬೂಟ್ ಸುಮ್ನೆ ಬಿಟ್ಟುಬಿಡುತ್ತದೆ. ಡೀಫಾಲ್ಟ್ ವ್ಯಾಲ್ಯೂ ಹಿಡಿದು ಮುಂದೆ ಹೋಗುತ್ತದೆ.

ನಿಮ್ಮದೇ ಸೆಟ್ಟಿಂಗ್‌ಗಳನ್ನು ಒಂದು ಕ್ಲಾಸ್‌ಗೆ ಕಟ್ಟಿ, ಅದಕ್ಕೆ ವ್ಯಾಲಿಡೇಶನ್ ಹಾಕಿಸಿ. ಖಾಲಿ ಇರಬಾರದು, ಇಷ್ಟರಿಂದ ಇಷ್ಟರ ಒಳಗೆ ಇರಬೇಕು ಎಂಬ ಷರತ್ತುಗಳು ಅವು. ಷರತ್ತು ಮುರಿದರೆ ಆ್ಯಪ್ ಶುರುವಿನಲ್ಲೇ ನಿಂತು ಕಾರಣ ಹೇಳುತ್ತದೆ. ಬೆಳಗ್ಗೆ ಡೆಪ್ಲಾಯ್ ಮಾಡುವಾಗ, ಅಂದರೆ ಹೊಸ ಆವೃತ್ತಿಯನ್ನು ಸರ್ವರ್‌ಗೆ ಹಾಕುವಾಗ, ನಿಲ್ಲುವುದು, ತಿಂಗಳ ಕೊನೆಯ ಸಂಜೆ ಬಿಲ್ ಮಾಡುವಾಗ ನಿಲ್ಲುವುದಕ್ಕಿಂತ ಎಷ್ಟೋ ವಾಸಿ.

ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗೆ ಡೀಫಾಲ್ಟ್ ಇಡಲೇಬೇಡಿ. ಸಮಯದ ಮಿತಿ, ಮರುಪ್ರಯತ್ನದ ಸಂಖ್ಯೆಯಂಥವಕ್ಕೆ ಇಡಬಹುದು.

ಯಾಮಲ್ ಬಳಸುವವರಿಗೆ ಒಂದು ಕಿವಿಮಾತು. ಹಳೆಯ ಯಾಮಲ್ ನಿಯಮದಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಆಕ್ಟಲ್ ಎಂದು, ಅಂದರೆ 0ರಿಂದ 7ರವರೆಗಿನ ಎಂಟೇ ಅಂಕಿಗಳ ಲೆಕ್ಕದಲ್ಲಿ ಓದಲಾಗುತ್ತದೆ. ಸ್ಪ್ರಿಂಗ್ ಬೂಟ್ ಕೂಡ ಹಾಗೇ ಓದುತ್ತದೆ. ಮುಂಬಯಿಯ ಎಸ್‌ಟಿಡಿ ಕೋಡ್ 022 ಎಂದು ಬರೆದರೆ ಅದು 18 ಆಗುತ್ತದೆ. ಬೆಂಗಳೂರಿನ 080 ಬಚಾವ್, ಯಾಕೆಂದರೆ 8 ಆ ಲೆಕ್ಕದಲ್ಲೇ ಇಲ್ಲ! ಜಿಎಸ್‌ಟಿ ರಾಜ್ಯ ಕೋಡ್‌ನಲ್ಲೂ ಇದೇ ಆಟ: ದೆಹಲಿಯ 07 ಹೋಗಿ 7 ಆಗುತ್ತದೆ, ರಾಜಸ್ಥಾನದ 08 ಹಾಗೇ ಉಳಿಯುತ್ತದೆ, ನಮ್ಮ 29ಕ್ಕೆ ಏನೂ ಆಗುವುದಿಲ್ಲ. ಕರ್ನಾಟಕದ ಬಿಲ್‌ಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ ಅಲ್ವಾ? ಹಾಗೆಯೇ ನಾರ್ವೆಯ ದೇಶ ಕೋಡ್ ಆದ "ಎನ್‌ಒ" ಎಂಬುದನ್ನು ಯಾಮಲ್ "ಇಲ್ಲ" ಎಂದು ಓದಿಕೊಳ್ಳುತ್ತದೆ. ಕೋಡ್, ಫೋನ್ ನಂಬರ್, ಆವೃತ್ತಿ ಸಂಖ್ಯೆ, ಇವಕ್ಕೆಲ್ಲ ಉದ್ಧರಣ ಚಿಹ್ನೆ ಹಾಕಿಯೇ ಬರೆಯಿರಿ.

ಹಂತ 4: ಗುಟ್ಟಿನ ವ್ಯಾಲ್ಯೂಗಳನ್ನು ರೆಪೊಸಿಟರಿಯಿಂದ ಹೊರಗೆ ಹಾಕಿ

ಪಾಸ್‌ವರ್ಡ್ ಗಿಟ್‌ನಲ್ಲಿ ಇರಬಾರದು. ಖಾಸಗಿ ರೆಪೊಸಿಟರಿಯಾದರೂ ಇರಬಾರದು. ಇವತ್ತು ಖಾಸಗಿ ಇದ್ದದ್ದು ನಾಳೆ ಹೊರಗುತ್ತಿಗೆಯ ತಂಡಕ್ಕೆ ಹೋಗುತ್ತದೆ, ಯಾರದೋ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಉಳಿಯುತ್ತದೆ. ಟೊಯೋಟಾದ ಟಿ-ಕನೆಕ್ಟ್ ಸೇವೆಯ ಕೋಡ್‌ನ ಒಂದು ಭಾಗ, ಸರ್ವರ್‌ನ ಕೀ ಸಮೇತ, 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಗುತ್ತಿಗೆದಾರರ ಕಡೆಯಿಂದ ಆದ ತಪ್ಪು ಅದು. ಸುಮಾರು 2.96 ಲಕ್ಷ ಗ್ರಾಹಕರ ಇಮೇಲ್ ವಿಳಾಸ ಸೋರಿರಬಹುದು ಎಂದು ಕಂಪನಿಯೇ ಹೇಳಿತು. ಐದು ವರ್ಷ ಹತ್ತಿರ ಯಾರಿಗೂ ಗೊತ್ತಾಗಲಿಲ್ಲ, ನೋಡಿ.

ದೊಡ್ಡ ಕಂಪನಿಯಾದರೆ ಹ್ಯಾಶಿಕಾರ್ಪ್ ವಾಲ್ಟ್, ಎಡಬ್ಲ್ಯುಎಸ್ ಸೀಕ್ರೆಟ್ಸ್ ಮ್ಯಾನೇಜರ್, ಅಜ್ಯೂರ್ ಕೀ ವಾಲ್ಟ್ ಥರದ್ದು ಬಳಸಿ. ಇವು ಗುಟ್ಟಿನ ವ್ಯಾಲ್ಯೂ ಇಟ್ಟುಕೊಂಡು, ಕೇಳಿದ ಆ್ಯಪ್‌ಗೆ ಗುರುತು ನೋಡಿ ಕೊಡುತ್ತವೆ. ಎರಡೇ ಸರ್ವರ್ ಇರುವ ಸಣ್ಣ ಕಂಪನಿಗೆ ಅಷ್ಟೆಲ್ಲ ಬೇಡ ಎಂಬುದು ನನ್ನ ಅಭಿಪ್ರಾಯ. ಸರ್ವರ್‌ನಲ್ಲಿ ಬೇರೆಯೇ ಒಂದು ಫೈಲ್ ಮಾಡಿ, ಆ್ಯಪ್ ಓಡುವ ಯೂಸರ್ ಮಾತ್ರ ಓದುವಂತೆ 600 ಅನುಮತಿ ಕೊಟ್ಟು, ಸರ್ವಿಸ್ ಫೈಲ್‌ನಿಂದ ಅದನ್ನು ಓದಿಸಿ. ಸಾಕು.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಪಾಸ್‌ವರ್ಡನ್ನು ಕಮಾಂಡ್‌ನಲ್ಲಿ ಬರೆಯಬೇಡಿ. ಆ ಸರ್ವರ್‌ಗೆ ಲಾಗಿನ್ ಇರುವ ಬೇರೆಯವರಿಗೂ ಸಾಮಾನ್ಯವಾಗಿ ಪ್ರೋಸೆಸ್ ಪಟ್ಟಿಯಲ್ಲಿ ಅದು ಕಾಣುತ್ತದೆ. ಕುಬರ್ನೆಟಿಸ್‌ನಲ್ಲಿ ಗುಟ್ಟಿನ ವ್ಯಾಲ್ಯೂ ಇಡುವ ಸೀಕ್ರೆಟ್ ನೋಡಲು ಗೊಂದಲದ ಅಕ್ಷರಗಳಂತೆ ಕಂಡರೂ ಅದು ಬೇಸ್64 ಅಷ್ಟೇ, ಅಂದರೆ ಅಕ್ಷರಗಳನ್ನು ಬೇರೆ ರೂಪದಲ್ಲಿ ಬರೆಯುವ ವಿಧಾನ, ಬೀಗವಲ್ಲ. ಯಾರು ಬೇಕಾದರೂ ಒಂದು ಕಮಾಂಡ್‌ನಲ್ಲಿ ಬಿಡಿಸಿ ಓದಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗಿಟ್‌ಗೆ ಪಾಸ್‌ವರ್ಡ್ ಹೋಗಿಬಿಟ್ಟಿದ್ದರೆ ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದರೆ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದರೆ, ಆಗಲಿಲ್ಲ, ಹಳೆಯ ಚರಿತ್ರೆಯಲ್ಲಿ ಅದು ಹಾಗೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ, ಅದೂ ಅದೇ ದಿನ. ಚರಿತ್ರೆ ತೊಳೆಯುವುದು ಆಮೇಲಿನ ಕೆಲಸ.

ಹಂತ 5: ಟೆಸ್ಟ್ ಸರ್ವರ್ ನಿಜವಾದ ಗ್ರಾಹಕರನ್ನು ಮುಟ್ಟದಂತೆ ನೋಡಿಕೊಳ್ಳಿ

ಪ್ರಾಡ್ ಡೇಟಾಬೇಸ್‌ನ ಪ್ರತಿ ತೆಗೆದು ಟೆಸ್ಟ್‌ಗೆ ಹಾಕುವುದು ಎಲ್ಲರೂ ಮಾಡುವ ಕೆಲಸ. ಆದರೆ ಮೊದಲ ಹಂತದಲ್ಲಿ ಪಟ್ಟಿ ಮಾಡಿದಾಗ ಕೆಲವು ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲೇ ಕಂಡಿದ್ದವಲ್ಲ? ಅವೂ ಆ ಪ್ರತಿಯ ಜೊತೆ ಬರುತ್ತವೆ. ಎಸ್‌ಎಂಎಸ್ ಗೇಟ್‌ವೇ ವಿಳಾಸ, ಇಮೇಲ್ ಸರ್ವರ್, ಹಣ ಪಾವತಿಯ ಕೀ, ಎಲ್ಲವೂ ನಿಜವಾದವು. ಟೆಸ್ಟ್ ಮಾಡಲು ಒತ್ತಿದ ಬಟನ್‌ಗೆ ನಿಜವಾದ ಗ್ರಾಹಕರ ಫೋನ್ ಟಣ್ ಎನ್ನುತ್ತದೆ.

ಪ್ರತಿ ಹಾಕಿದ ಕೂಡಲೇ, ಆ್ಯಪ್ ಏಳುವ ಮೊದಲೇ, ಈ ಸಾಲುಗಳನ್ನು ಅಳಿಸುವ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ. ಗ್ರಾಹಕರ ಫೋನ್, ಇಮೇಲ್‌ಗಳನ್ನೂ ಅದೇ ಸ್ಕ್ರಿಪ್ಟ್ ಮರೆಮಾಚಲಿ. ಜೊತೆಗೆ ಆ್ಯಪ್‌ನಲ್ಲೇ ಒಂದು ತಡೆ ಹಾಕಿಸಿ. ಉದಾಹರಣೆಗೆ ರೇಜರ್‌ಪೇ ಕೀಗಳ ಶುರುವಿನಲ್ಲೇ ಟೆಸ್ಟ್ ಅಥವಾ ಲೈವ್ ಎಂದು ಇರುತ್ತದೆ. ಪ್ರೊಫೈಲ್ ಟೆಸ್ಟ್ ಆಗಿದ್ದು ಕೀ ಲೈವ್ ಆಗಿದ್ದರೆ ಆ್ಯಪ್ ಏಳದೆ ನಿಲ್ಲಲಿ. ನಾಲ್ಕು ಸಾಲಿನ ಕೋಡ್ ಅಷ್ಟೇ.

ಹಂತ 6: ಸಂಖ್ಯೆಗಳನ್ನು ಊಹೆಯ ಮೇಲೆ ಏರಿಸಬೇಡಿ

"ಆ್ಯಪ್ ನಿಧಾನ ಆಗಿದೆ, ಪೂಲ್ ಜಾಸ್ತಿ ಮಾಡಿ" ಎಂಬ ಸಲಹೆ ಬಹಳ ಸಿಗುತ್ತದೆ. ಪೂಲ್ ಅಂದರೆ ಡೇಟಾಬೇಸ್‌ಗೆ ಮೊದಲೇ ತೆರೆದಿಟ್ಟುಕೊಂಡ ಸಂಪರ್ಕಗಳ ಗುಂಪು. ಸ್ಪ್ರಿಂಗ್ ಬೂಟ್ ಜೊತೆ ಬರುವ, ಪೂಲ್ ನೋಡಿಕೊಳ್ಳುವ ಹಿಕಾರಿಯಲ್ಲಿ ಅದು ಮಾಮೂಲಿಯಾಗಿ 10. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾಮೂಲಿಯಾಗಿ ಒಪ್ಪುವುದು 100 ಸಂಪರ್ಕ, ಅದರಲ್ಲಿ 3 ಆಡಳಿತಗಾರರಿಗೆ ಮೀಸಲು. ಉಳಿದದ್ದು 97.

ಈಗ ಲೆಕ್ಕ ಹಾಕಿ. ಆ್ಯಪ್‌ನ ಆರು ಪ್ರತಿ ಓಡುತ್ತಿದ್ದರೆ 60 ಸಂಪರ್ಕ, ಆರಾಮ. ಪೂಲ್ 20 ಮಾಡಿದರೆ 120, ಡೇಟಾಬೇಸ್ ಬಾಗಿಲು ಹಾಕುತ್ತದೆ. 15 ಮಾಡಿದರೆ 90, ಸರಿಯಾಗಿದೆ ಅನಿಸುತ್ತದೆ. ಆದರೆ ಹೊಸ ಆವೃತ್ತಿ ಹಾಕುವಾಗ ಹಳೆಯ ಪ್ರತಿ, ಹೊಸ ಪ್ರತಿ ಸ್ವಲ್ಪ ಹೊತ್ತು ಒಟ್ಟಿಗೇ ಓಡುತ್ತವೆ. ಒಂದೇ ಒಂದು ಪ್ರತಿ ಹೆಚ್ಚಾದರೂ 105 ಆಯಿತು. ಹಾಗಾಗಿ ಉಳಿದ ದಿನವೆಲ್ಲ ಸರಿಯಿದ್ದು ಡೆಪ್ಲಾಯ್ ದಿನ ಮಾತ್ರ ಕೈಕೊಡುತ್ತದೆ. ಜನ ಹೊಸ ಕೋಡನ್ನು ಬೈಯುತ್ತಾರೆ.

ಹಂತ 7: ವ್ಯವಹಾರದ ನಿಯಮಕ್ಕೆ ತಾರೀಕು ಹಾಕಿ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಸಿಮೆಂಟ್ 28ರಿಂದ 18ಕ್ಕೆ ಇಳಿಯಿತು. ದರವನ್ನು ಒಂದೇ ವ್ಯಾಲ್ಯೂ ಆಗಿ ಇಟ್ಟಿದ್ದವರು 28 ಅಳಿಸಿ 18 ಬರೆದರು, ಅಷ್ಟಕ್ಕೆ ಆಗಲಿಲ್ಲ. ಸೆಪ್ಟೆಂಬರ್ 15ರ ಬಿಲ್‌ನ ಮಾಲು ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು. ಹಳೆಯ ಬಿಲ್ ಮತ್ತೆ ಪ್ರಿಂಟ್ ತೆಗೆದರೂ ಹಳೆಯ ದರವೇ ಬರಬೇಕು. ಆದ್ದರಿಂದ ಇಂಥ ಸೆಟ್ಟಿಂಗ್‌ಗೆ "ಯಾವ ತಾರೀಕಿನಿಂದ" ಎಂಬ ಕಾಲಂ ಬೇಕೇ ಬೇಕು. ಹಳೆಯ ಸಾಲು ಅಳಿಸದೆ ಹೊಸ ಸಾಲು ಸೇರಿಸಿ. ಹಾಗೆ ಮಾಡಿದರೆ 21ರ ರಾತ್ರಿ ಯಾರೂ ಎದ್ದು ಕೂರಬೇಕಿಲ್ಲ, ವಾರ ಮೊದಲೇ ತುಂಬಿಸಿಡಬಹುದು.

ತಾರೀಕು ಅಂದ ಮೇಲೆ ಟೈಮ್‌ಝೋನ್ ನೋಡಲೇಬೇಕು. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣಿತ ಸಮಯದಲ್ಲಿ, ಓಡುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 12ರಿಂದ ಬೆಳಗ್ಗೆ 5:30ರವರೆಗೆ ಆ ಸರ್ವರ್‌ಗೆ ಇನ್ನೂ ನಿನ್ನೆಯ ದಿನ. ಏಪ್ರಿಲ್ 1ರ ನಸುಕಿನ 2 ಗಂಟೆಗೆ ಮಾಡಿದ ಬಿಲ್ ಮಾರ್ಚ್ 31ಕ್ಕೆ ಬಿದ್ದರೆ ಹಣಕಾಸು ವರ್ಷವೇ ಬದಲಾಯಿತು. ಜಾವಾ ಶುರು ಮಾಡುವಾಗ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಸ್ಪಷ್ಟವಾಗಿ ಕೊಡಿ. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳಿಗೂ ಪ್ರತ್ಯೇಕವಾಗಿ ಝೋನ್ ಬರೆಯಿರಿ. ಕಚೇರಿಯ ಲ್ಯಾಪ್‌ಟಾಪ್ ಭಾರತದ ಸಮಯದಲ್ಲೇ ಇರುವುದರಿಂದ ಈ ತಪ್ಪು ಅಲ್ಲಿ ಕಾಣುವುದಿಲ್ಲ. ನೀವು ಕೇಳುವ ಎರಡನೇ ಪ್ರಶ್ನೆಗೆ ಇದೂ ಒಂದು ಉತ್ತರ.

ಹಂತ 8: ಬದಲಾವಣೆಯ ದಿನ

ಈಗಿನ ವ್ಯಾಲ್ಯೂ ಬರೆದಿಟ್ಟುಕೊಳ್ಳಿ. ಯಾಕೆ ಬದಲಿಸುತ್ತಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಇನ್ನೊಬ್ಬರಿಗೆ ತೋರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಒಂದು ಸರ್ವರ್‌ಗೆ ಮಾತ್ರ ಹಾಕಿ, ಲಾಗ್ ನೋಡಿ, ಆಮೇಲೆ ಉಳಿದವಕ್ಕೆ.

ಕೊನೆಯ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ್ದು ಹೊಸ ಪ್ರೋಗ್ರಾಂ ಆಗಿರಲಿಲ್ಲ, ಕಾನ್ಫಿಗ್ ಫೈಲ್. ಅದು ಹಂತಹಂತವಾಗಿ ಹೋಗದೆ ಒಟ್ಟಿಗೇ ಹೋಯಿತು. ಭಾರತದ ಸಮಯ ಬೆಳಗ್ಗೆ 9:39ಕ್ಕೆ ಹೊರಟ ಫೈಲ್ ಅನ್ನು 10:57ಕ್ಕೆ ವಾಪಸ್ ತೆಗೆದರು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಗಮನಿಸಿ, ಫೈಲ್ ವಾಪಸ್ ತೆಗೆದರೂ ಬಿದ್ದ ಯಂತ್ರಗಳು ತಾವಾಗಿ ಏಳಲಿಲ್ಲ. ಬಹುಪಾಲು ಕಡೆ ಒಬ್ಬೊಬ್ಬರು ಹೋಗಿ ಸರಿಪಡಿಸಬೇಕಾಯಿತು. ಆದ್ದರಿಂದ ರೋಲ್‌ಬ್ಯಾಕ್, ಅಂದರೆ ಹಿಂದಿನ ಸ್ಥಿತಿಗೆ ತರುವುದು, ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಟೆಸ್ಟ್ ಸರ್ವರ್‌ನಲ್ಲಿ ಮೊದಲೇ ಮಾಡಿ ನೋಡಿ.

ಇನ್ನು ಫ್ಲ್ಯಾಗ್‌ಗಳು. ಒಂದು ಸೌಲಭ್ಯವನ್ನು ಆನ್ ಅಥವಾ ಆಫ್ ಮಾಡುವ ಸೆಟ್ಟಿಂಗ್‌ಗೆ ಆ ಹೆಸರು. ಕೆಲಸ ಮುಗಿದ ಮೇಲೂ ಅದನ್ನು ತೆಗೆಯದೆ ಬಿಡುವುದು ಅಪಾಯ. ಅದಕ್ಕಿಂತ ದೊಡ್ಡ ಅಪಾಯ, ಹಳೆಯ ಫ್ಲ್ಯಾಗ್ ಹೆಸರನ್ನೇ ಹೊಸ ಕೆಲಸಕ್ಕೆ ಬಳಸುವುದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯವಹಾರದ ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಆದದ್ದು ಇದೇ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಫ್ಲ್ಯಾಗ್ ಆನ್ ಆದಾಗ ಏಳು ಸರ್ವರ್ ಹೊಸ ಕೆಲಸ ಮಾಡಿದವು, ಎಂಟನೆಯದು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಹಳೆಯ ಕೋಡ್ ಓಡಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ.

ಹಾಗಾಗಿ ನಿಮ್ಮ ಶೀಟ್‌ನಲ್ಲಿ ಪ್ರತಿ ಫ್ಲ್ಯಾಗ್‌ಗೆ ತೆಗೆದುಹಾಕುವ ತಾರೀಕು ಮತ್ತು ತೆಗೆಯಬೇಕಾದವರ ಹೆಸರು ಹಾಕಿ. ಆ ದಿನ ಫ್ಲ್ಯಾಗ್ ಜೊತೆಗೆ ಅದು ಕಾಯುತ್ತಿದ್ದ ಹಳೆಯ ಕೋಡ್ ಕೂಡ ಹೋಗಲಿ. ಎಲ್ಲಾ ಸರ್ವರ್‌ಗಳಲ್ಲೂ ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್ ಇದೆಯೇ ಎಂದು ಡೆಪ್ಲಾಯ್ ಮುಗಿದ ಕೂಡಲೇ ಹೋಲಿಸಿ ನೋಡುವ ಸ್ಕ್ರಿಪ್ಟ್ ಒಂದನ್ನು ಬರೆಸಿ. ಕಣ್ಣಳತೆಯಲ್ಲಿ ಎಂಟು ಸರ್ವರ್ ಹೋಲಿಸಲು ಹೋಗಬೇಡಿ.